ಬೊಂಬೆ ಮಾಡಿದವರ ಹೆಸರೇನು?

ಸಂಗಾತಿಗಳೇ, ಸ್ವಲ್ಪ ಉದ್ದದ ಬರಹ ಇದು. ಹೊಗೆಸೊಪ್ಪಿನ ಬ್ಯಾರನ್‌ಗೆ ಬೆಂಕಿ ಹಾಕಿ ರಾತ್ರಿಯೆಲ್ಲಾ ಎದ್ದಿರೋರು ನಿಧಾನಕ್ಕೆ ಓದ್ಕೊಳ್ಳಿ. ಉಳಿದವರು ಬಿಡುವಾದಾಗ ಓದಿ. ಆದ್ರೆ ಪೂರ್ತಿ ಓದಿ. ಅರ್ಧಕ್ಕೆ ನಿಲ್ಲಿಸಿದ್ರೆ ಕೆಲವರಿಗೆ ನಾನು ಚೀನಾ ಪರ ಅನ್ನಿಸ್ತೀನಿ, ಬರೀ ಕೊನೆ ಓದಿದ್ರೆ ಇನ್ನು ಕೆಲವರಿಗೆ ಲಾಮಾಗಳ ಪರ ಅನ್ನಿಸ್ತೀನಿ. ಎರಡೂ ಅಲ್ಲ. ನಾನು ಜೀತದ ಮನೆಯವನು. ಅಲ್ಲಿಂದಲೇ ಮಾತಾಡ್ತಿದ್ದೀನಿ.

ಹೋದ ತಿಂಗಳು ನಮ್ಮ ಕೇರಿಯಲ್ಲಿ ಕೂಟ ಸೇರಿತ್ತು. ಬೈಲಕುಪ್ಪೆಗೆ ಸೈಕಲ್‌ನಲ್ಲಿ ಹೋಗಿಬರುವಷ್ಟು ಹತ್ತಿರದ ಊರು ನಮ್ಮದು. ಕೂಟದ ವಿಷಯ ಒಂದೇ, ಬಾಬಾಸಾಹೇಬರ ಪ್ರತಿಮೆ. ಹತ್ತು ವರ್ಷದಿಂದ ಮನೆಗಿಷ್ಟು ಅಂತ ಹಾಕಿ ಕೂಡಿಸಿದ ದುಡ್ಡಿದೆ, ಸಾಲದು. ಆಗ ಒಬ್ಬ ಮುಖಂಡರ ಕಡೆಯವರು ಬಂದು, 'ಪೂರ್ತಿ ಖರ್ಚು ನಮ್ದು. ಪೀಠದ ಕಲ್ಲಲ್ಲಿ ನಮ್ಮ ಸಾಹೇಬರ ಹೆಸರು ದೊಡ್ಡದಾಗಿ ಬರಬೇಕು, ಅಷ್ಟೇ' ಅಂದ್ರು. ಅರ್ಧ ಕೇರಿ ಖುಷಿಯಾಯ್ತು. ಇನ್ನರ್ಧ ತಲೆ ತಗ್ಗಿಸ್ತು. ಯಜಮಾನರು ನನ್ನ ಕಡೆ ತಿರುಗಿ, 'ಮಗಾ, ನೀನು ನಾಕಕ್ಷರ ಓದ್ದೋನು. ಒಳ್ಳೇ ಶಿಲ್ಪಿನ ಹುಡುಕು. ಹೆಸರಿನ ವಿಷ್ಯ ಮುಂದಿನ ಕೂಟದಲ್ಲಿ ನೋಡೋಣ' ಅಂದ್ರು.

ಶಿಲ್ಪಿಯನ್ನ ಹುಡುಕಕ್ಕೆ ಹೊರಟವನಿಗೆ ಸಿಕ್ಕಿದ್ದು ಒಂದು ಪುಸ್ತಕ.

ಮೈಸೂರಿನಲ್ಲಿ ಒಬ್ಬ ಹಿರಿಯ ಸಂಗಾತಿ ತೀರಿಕೊಂಡ ಮೇಲೆ ಅವರ ಮನೆಯವರು ಪುಸ್ತಕಗಳನ್ನ ಕೊಟ್ಟುಬಿಡ್ತಿದ್ರು. ಎಪ್ಪತ್ತರ ದಶಕದಲ್ಲಿ ಎಡಪಂಥದ ಪುಸ್ತಕದಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಮಾಸ್ಕೋ, ಪೀಕಿಂಗ್ ಪ್ರಕಟಣೆಗಳು. ಅದರ ನಡುವೆ ಒಂದು ಚಿತ್ರಗಳ ಪುಸ್ತಕ: 'ರಾತ್ ಆಫ್ ದ ಸರ್ಫ್ಸ್'. 1976ರಲ್ಲಿ ಪೀಕಿಂಗ್‌ನಲ್ಲಿ ಅಚ್ಚಾದದ್ದು. ನಮ್ಮ ಮಾತಲ್ಲಿ ಹೇಳೋದಾದ್ರೆ 'ಜೀತದಾಳುಗಳ ಆಕ್ರೋಶ'. ಲ್ಹಾಸಾದಲ್ಲಿ, ಪೊಟಾಲಾ ಅರಮನೆಯ ಕೆಳಗಿನ ಪ್ರದರ್ಶನ ಮಂದಿರದಲ್ಲಿ ನಿಲ್ಲಿಸಿದ್ದ 106 ಮಣ್ಣಿನ ಪ್ರತಿಮೆಗಳ ಚಿತ್ರಗಳು. ಎಲ್ಲಾ ಆಳೆತ್ತರದವು. ನಾಲ್ಕು ಭಾಗ: ಜಮೀನ್ದಾರನ ಮನೆ, ಮಠ, ಹಳೇ ಸರ್ಕಾರ, ಕೊನೆಗೆ ಜೀತದಾಳುಗಳು ಎದ್ದು ನಿಲ್ಲೋದು.

ನಿಜ ಹೇಳ್ತೀನಿ, ಬಾಗಿದ ಬೆನ್ನುಗಳನ್ನ ನೋಡಿ ನನ್ನ ಕೈ ನಿಂತುಹೋಯ್ತು. ಮಣ್ಣಲ್ಲಿ ಮಾಡಿದ ಆ ಬೆನ್ನು ನಮ್ಮ ತಾತನ ಬೆನ್ನು.

ತಾತ ಮುನ್ನೂರು ರೂಪಾಯಿಗೆ ಜೀತಕ್ಕೆ ಸೇರಿದೋನು. ದೊಡ್ಡತ್ತೆ ಮದುವೆಗೆ ತಂದ ಸಾಲ. ಕೋಳಿ ಕೂಗೋ ಮುಂಚೆ ಎದ್ದು ದೊಡ್ಡಮನೆ ಕೊಟ್ಟಿಗೆ ಸಗಣಿ ಬಾಚಬೇಕು, ಎತ್ತಿಗೆ ಹುಲ್ಲು ಹಾಕಬೇಕು, ಹೊಲಕ್ಕೆ ಹೋಗಬೇಕು, ರಾತ್ರಿ ಕಣ ಕಾಯಬೇಕು. ಹಿಟ್ಟು ಹಿತ್ತಲಲ್ಲಿ, ಅವನದೇ ತಟ್ಟೆಗೆ ಮೇಲಿಂದ ಹಾಕೋರು. ವರ್ಷ ಕಳೆದ ಹಾಗೆ ಸಾಲ ಕಮ್ಮಿಯಾಗಲಿಲ್ಲ, ಜಾಸ್ತಿಯಾಯ್ತು. ತಾತನ ಒಂದು ಫೋಟೊ ಕೂಡ ನಮ್ಮನೇಲಿ ಇಲ್ಲ. ಅದಕ್ಕೇ ಇರಬೇಕು, ಲ್ಹಾಸಾದ ಮಣ್ಣಿನ ಬೊಂಬೆಯಲ್ಲಿ ಅವನನ್ನ ಹುಡುಕಿದೆ.

ಯಾರು ಮಾಡಿದ್ದು ಇದನ್ನ? ಬೆನ್ನು ಹಾಗೆ ಬಾಗುತ್ತೆ ಅಂತ ಗೊತ್ತಿದ್ದ ಆ ಕೈ ಯಾರದ್ದು? ಪುಸ್ತಕ ತಿರುವಿ ಹಾಕಿದೆ. ಹೆಸರಿಲ್ಲ. ಇರೋದು ಸಂಸ್ಥೆಗಳ ಹೆಸರು. ಬೀಜಿಂಗ್‌ನ ಕಲಾಶಾಲೆಯ ಅಧ್ಯಾಪಕರು, ಶೆನ್ಯಾಂಗ್‌ನ ಕಲಾಶಾಲೆಯವರು, ಟಿಬೆಟ್‌ನ ಕಲಾ ಕಾರ್ಯಕರ್ತರು. ಸಾಮೂಹಿಕ ಕೃತಿ. ಅಲ್ಲಿಂದ ನನಗೆ ಹುಚ್ಚು ಹಿಡೀತು. ಮೂರು ವಾರ ಇದೇ ಓದು.

ಈ ಲ್ಹಾಸಾದ ಬೊಂಬೆಗಳಿಗೆ ಒಂದು ಅಕ್ಕ ಇದ್ದಾಳೆ. ಅವಳ ಕಥೆ ಮೊದಲು ಗೊತ್ತಾಗಬೇಕು.

1965. ಚೀನಾದ ಸಿಚುವಾನ್ ಪ್ರಾಂತ್ಯ, ದಾಯಿ ಅನ್ನೋ ಜಾಗ. ಅಲ್ಲಿ ಲಿಯು ವೆನ್‌ತ್ಸಾಯ್ ಅನ್ನೋ ಜಮೀನ್ದಾರನ ದೊಡ್ಡ ಬಂಗಲೆ. 1949ರಲ್ಲಿ ಅವನು ಸತ್ತ. ಬಂಗಲೆ ಮ್ಯೂಸಿಯಂ ಆಯ್ತು. ರೈತರು ಗೇಣಿ ಅಳೆಯಕ್ಕೆ ಬರುತ್ತಿದ್ದ ಅದೇ ಅಂಗಳದಲ್ಲಿ 114 ಪ್ರತಿಮೆ ಮಾಡಿದ್ರು. 'ಗೇಣಿ ವಸೂಲಿಯ ಅಂಗಳ' ಅಂತ ಅದರ ಹೆಸರು. ಸಿಚುವಾನ್ ಕಲಾಶಾಲೆಯ ಮೇಷ್ಟ್ರುಗಳಾದ ಝಾವೊ ಶುತೊಂಗ್, ವಾಂಗ್ ಗ್ವಾನ್‌ಯಿ, ಅವರ ಜೊತೆಗಿನವರು, ವಿದ್ಯಾರ್ಥಿಗಳು, ಊರಿನ ಕುಶಲಕರ್ಮಿಗಳು ಸೇರಿ ಕೆಲವೇ ತಿಂಗಳಲ್ಲಿ ಮುಗಿಸಿದ ಕೆಲಸ. ಮರದ ಚೌಕಟ್ಟು, ಅದಕ್ಕೆ ಹುಲ್ಲು ಸುತ್ತಿ ಮೇಲೆ ಮಣ್ಣು ಮೆತ್ತೋದು, ಕಣ್ಣಿಗೆ ಕಪ್ಪು ಗಾಜು. ಇದು ಅಲ್ಲಿನ ದೇವಸ್ಥಾನಗಳಲ್ಲಿ ಮಣ್ಣಿನ ದೇವರು ಮಾಡುತ್ತಿದ್ದ ಹಳೇ ವಿಧಾನವೇ. ದೇವರ ಬದಲು ರೈತ ಬಂದ, ರಾಕ್ಷಸನ ಬದಲು ಜಮೀನ್ದಾರ ಬಂದ. ಸುತ್ತಲಿನ ಹಳ್ಳಿಯವರು ಬಂದು ನೋಡಿ ಕಣ್ಣೀರಿಟ್ಟರಂತೆ. ಮುಂದಿನ ವರ್ಷ ಸಾಂಸ್ಕೃತಿಕ ಕ್ರಾಂತಿ ಶುರುವಾಯ್ತು. ಈ ಪ್ರತಿಮೆಗಳು ದೇಶಕ್ಕೇ ಮಾದರಿಯಾದವು. ನಕಲುಗಳು ಬಂದವು. ಲ್ಹಾಸಾದ 106 ಬೊಂಬೆಗಳೂ ಈ ಮಾದರಿಯಿಂದಲೇ ಹುಟ್ಟಿದವು.

ಇಷ್ಟು ಓದಿದಾಗ ನನಗೆ ಸಂಭ್ರಮವೇ ಆಯ್ತು. ನಮ್ಮಲ್ಲಿ ಯಾವ ಸರ್ಕಾರ ಜೀತದಾಳಿನ ಪ್ರತಿಮೆ ಮಾಡಿಸಿದೆ, ಹೇಳಿ? ರಾಜರದ್ದು ಇದೆ, ದಿವಾನರದ್ದು ಇದೆ, ಕುದುರೆ ಮೇಲೆ ಕೂತವರದ್ದು ಇದೆ. ಆ ಕುದುರೆಗೆ ಹುಲ್ಲು ಹಾಕಿದವನದ್ದು ಎಲ್ಲಿದೆ?

ಆಮೇಲೆ ಇಸವಿಗಳನ್ನ ಪಕ್ಕಪಕ್ಕ ಇಟ್ಟು ನೋಡಿದೆ. ಅಲ್ಲಿ ಸಿಕ್ಕಿಬಿದ್ದೆ.

1959ರಿಂದ 1961ರವರೆಗೆ ಚೀನಾದಲ್ಲಿ ಮಹಾಕ್ಷಾಮ. ಕೋಟಿಗಟ್ಟಲೆ ಜನ ಹಸಿವಿನಿಂದ ಸತ್ತರು. ಅತಿ ಹೆಚ್ಚು ಪೆಟ್ಟು ತಿಂದ ಪ್ರಾಂತ್ಯಗಳಲ್ಲಿ ಸಿಚುವಾನ್ ಒಂದು. ಬೆಳೆ ಬರಲಿಲ್ಲ ಅನ್ನೋದಷ್ಟೇ ಕಾರಣ ಅಲ್ಲ. ಸುಳ್ಳು ಲೆಕ್ಕ ಬರೆದು, ಆ ಲೆಕ್ಕದ ಮೇಲೆ ಸರ್ಕಾರವೇ ರೈತರ ಕಣದಿಂದ ಧಾನ್ಯ ಎತ್ತಿಕೊಂಡು ಹೋಯ್ತು. ಇದಾಗಿ ನಾಲ್ಕೇ ವರ್ಷಕ್ಕೆ ಅದೇ ಸಿಚುವಾನ್‌ನಲ್ಲಿ, ಜಮೀನ್ದಾರ ರೈತರ ಧಾನ್ಯ ಕಿತ್ತುಕೊಳ್ಳುವ 114 ಬೊಂಬೆ ನಿಂತವು. ಕಣ್ಣೀರಿಟ್ಟ ಹಳ್ಳಿಯವರು ಯಾವ ಹಸಿವನ್ನ ನೆನೆದು ಅತ್ತರು? ಜಮೀನ್ದಾರನ ಕಾಲದ್ದೋ, ನಾಲ್ಕು ವರ್ಷದ ಹಿಂದಿನದ್ದೋ? ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಒಂದು ಹಸಿವಿಗೆ ಮಾತ್ರ ಅಳಕ್ಕೆ ಪರವಾನಗಿ ಇತ್ತು.

ಇನ್ನೊಂದು. ಆ ಬಂಗಲೆಯಲ್ಲಿ ಒಂದು 'ನೀರಿನ ಸೆರೆಮನೆ' ತೋರಿಸ್ತಿದ್ರು. ಗೇಣಿ ಕೊಡದವರನ್ನ ಎದೆಮಟ್ಟದ ನೀರಲ್ಲಿ ನಿಲ್ಲಿಸ್ತಿದ್ರು ಅಂತ. 1980ರ ದಶಕದಲ್ಲಿ ಅಲ್ಲಿನವರೇ ಹುಡುಕಿ ನೋಡಿದಾಗ ಅದಕ್ಕೆ ಪುರಾವೆ ಸಿಗಲಿಲ್ಲ. ಈಗ ನೋಡಿ, ಆ ಒಂದು ಸುಳ್ಳು ಹಿಡ್ಕೊಂಡು, ಜಮೀನ್ದಾರ ಒಳ್ಳೆಯವನೇ ಇದ್ದ, ಶಾಲೆ ಕಟ್ಟಿಸಿದ್ದ ಅನ್ನೋರು ಹುಟ್ಟಿಕೊಂಡಿದ್ದಾರೆ. ಒಂದು ಹನಿ ಹುಳಿ ಬಿದ್ದು ಕೊಡ ಹಾಲು ಒಡೆದ ಹಾಗೆ. ಗೇಣಿ ನಿಜ, ಹಸಿವು ನಿಜ, ಚಾಟಿ ನಿಜ. ಆಳುವವರು ತಮ್ಮ ಲಾಭಕ್ಕೆ ಬೆರೆಸಿದ ಸುಳ್ಳಿನಿಂದ ಕೊನೆಗೆ ಅನುಮಾನಕ್ಕೆ ಗುರಿಯಾಗಿದ್ದು ಬಡವನ ನೋವು.

ಆ ಶಿಲ್ಪಿಗಳು ಏನಾದ್ರು? ಅವರಲ್ಲಿ ಒಬ್ಬ ಲೋಂಗ್ ಷುಲಿ. 1965ರಲ್ಲಿ ದಾಯಿಯಲ್ಲಿ ಮಣ್ಣು ಕಲಸಿದ ಮನುಷ್ಯ. 1999ರಲ್ಲಿ ಇಟಲಿಯ ವೆನಿಸ್ ಕಲಾಮೇಳದಲ್ಲಿ ಮತ್ತೆ ಅದೇ ಬೊಂಬೆಗಳನ್ನ ಮಾಡಿದ. ಕರೆಸಿದವನು ತ್ಸಾಯ್ ಗುವೋಚ್ಯಾಂಗ್ ಅನ್ನೋ ಪ್ರಸಿದ್ಧ ಕಲಾವಿದ. ಹಸಿ ಮಣ್ಣನ್ನ ಸುಡದೆ ಬಿಟ್ಟರು, ನೋಡನೋಡ್ತಾ ಬೊಂಬೆಗಳು ಬಿರುಕು ಬಿಟ್ಟು ಉದುರುತ್ತಾ ಹೋದವು. ತ್ಸಾಯ್‌ಗೆ ಮೇಳದ ದೊಡ್ಡ ಬಹುಮಾನ, 'ಗೋಲ್ಡನ್ ಲಯನ್' ಬಂತು. ಆಗ ಸಿಚುವಾನ್ ಕಲಾಶಾಲೆ ಎದ್ದು, ಇದು ನಮ್ಮ ಕೃತಿ, ನಮ್ಮ ಹಕ್ಕು, ಕೇಸು ಹಾಕ್ತೀವಿ ಅಂತು. 1965ರಲ್ಲಿ ಯಾರ ಹೆಸರೂ ಬೇಡ, ಎಲ್ಲಾ ಜನರದ್ದು ಅಂದಿದ್ದ ಕೃತಿಗೆ ವಾರಸುದಾರರು ಹುಟ್ಟಿಕೊಂಡರು. ಕಲಾವಿದನಿಗೆ ಬಹುಮಾನ, ಶಾಲೆಗೆ ಹಕ್ಕಿನ ಜಗಳ. ಗೇಣಿ ಅಳೆದ ರೈತನ ಮಕ್ಕಳನ್ನ ಈ ಜಗಳದಲ್ಲಿ ಯಾರೂ ಕೇಳಲಿಲ್ಲ. ಬೊಂಬೆ ಅವರದ್ದೇ ಮೈ ಅಲ್ವಾ?

ಇಷ್ಟು ತಲೇಲಿ ಇಟ್ಕೊಂಡು ಒಂದು ಭಾನುವಾರ ಪುಸ್ತಕ ಚೀಲಕ್ಕೆ ಹಾಕ್ಕೊಂಡು ಕ್ಯಾಂಪಿಗೆ ಹೋದೆ.

ನಮ್ಮ ಕಡೆಯವರಿಗೆ ಕ್ಯಾಂಪ್ ಅಂದ್ರೆ ಬಿಡಿಸಿ ಹೇಳಬೇಕಿಲ್ಲ. ಹೊರಗಿನ ಸಂಗಾತಿಗಳಿಗೆ ಹೇಳ್ತೀನಿ. ಬೈಲಕುಪ್ಪೆಯ ಟಿಬೆಟನ್ ವಸತಿ ಶುರುವಾದದ್ದು 1960-61ರಲ್ಲಿ. ಭಾರತದಲ್ಲೇ ಮೊದಲನೆಯದು. ಆಗಿನ ಮೈಸೂರು ರಾಜ್ಯ ಸುಮಾರು 3000 ಎಕರೆ ಕೊಟ್ಟಿತು. ಕಾಡು ಕಡಿದು, ಆನೆ ಕಾದು, ಡೇರೆಯಲ್ಲಿದ್ದು ಬದುಕು ಕಟ್ಟಿದ ಜನ ಅವರು. ನಮ್ಮವ್ವ ಹತ್ತಾರು ವರ್ಷ ಅವರ ಮುಸುಕಿನ ಜೋಳದ ಹೊಲದಲ್ಲಿ ಕಳೆ ಕಿತ್ತಿದ್ದಾಳೆ. ಈಗ ಪ್ರವಾಸಿಗರು ಬರೋದು ನಾಮ್‌ಡ್ರೋಲಿಂಗ್ ಮಠದ ಗೋಲ್ಡನ್ ಟೆಂಪಲ್ ನೋಡಕ್ಕೆ. 1999ರಲ್ಲಿ ತೆರೆದದ್ದು. ಒಳಗೆ ನಡುವೆ 60 ಅಡಿಯ ಬುದ್ಧ, ಎರಡು ಕಡೆ 58 ಅಡಿಯ ಪದ್ಮಸಂಭವ, ಅಮಿತಾಯು. ತಾಮ್ರದ ಮೇಲೆ ಚಿನ್ನದ ಲೇಪ. ನಾನೂ ಚಿಕ್ಕಂದಿನಲ್ಲಿ ಬಾಯಿ ಬಿಟ್ಕೊಂಡು ನೋಡಿದವನೇ. ಬಾಬಾಸಾಹೇಬರು 1956ರಲ್ಲಿ ನಮಗೆ ತೋರಿಸಿದ ಬುದ್ಧ, ಪಕ್ಕದೂರಲ್ಲೇ ಇಷ್ಟೆತ್ತರ ಕೂತಿದ್ದಾನಲ್ಲ ಅಂತ.

ಅವ್ವನಿಗೆ ಕೆಲಸ ಕೊಡ್ತಿದ್ದ ಮನೆಯ ಅಜ್ಜಿ ಈಗಲೂ ಇದ್ದಾರೆ. ಎಂಬತ್ತರ ಹತ್ತಿರ. ಕನ್ನಡ ನಮ್ಮ ಹಾಗೇ ಮಾತಾಡ್ತಾರೆ. 1959ರಲ್ಲಿ ಅಪ್ಪನ ಬೆನ್ನ ಹಿಂದೆ ಹಿಮದಲ್ಲಿ ನಡೆದು ಬಂದವರು. ಬೆಣ್ಣೆ ಚಹಾ ಕೊಟ್ಟರು. ಅಂಜುತ್ತಲೇ ಪುಸ್ತಕ ತೆಗೆದೆ.

ಮೊಮ್ಮಗ ಮೊದಲು ನೋಡಿದ. ಮುಖ ಕೆಂಪಾಯ್ತು. 'ಅಣ್ಣಾ, ಇದೆಲ್ಲಾ ಸುಳ್ಳು. ಇದನ್ನ ತೋರಿಸಿ ತೋರಿಸಿಯೇ ನಮ್ಮ ದೇಶ ತಿಂದುಹಾಕಿದ್ರು' ಅಂದ. ಅವನ ಸಿಟ್ಟು ನನಗೆ ಅರ್ಥವಾಯ್ತು. ಜೀತದಾಳುಗಳ ಬೊಂಬೆ ಮಾಡಿಸಿದವರೇ ಅಲ್ಲಿನ ಬುದ್ಧನ ಬೊಂಬೆಗಳನ್ನ ಒಡೆಸಿದವರು. ಹತ್ತನೇ ಪಂಚೆನ್ ಲಾಮಾ 1962ರಲ್ಲೇ ಚೀನಾ ಸರ್ಕಾರಕ್ಕೆ ಉದ್ದದ ಮನವಿ ಬರೆದು, 2500ಕ್ಕೂ ಹೆಚ್ಚು ಮಠಗಳಿದ್ದ ಕಡೆ ಈಗ ಎಪ್ಪತ್ತರಷ್ಟು ಉಳಿದಿವೆ ಅಂತ ಹೇಳಿದ್ರು. ಅದು ಸಾಂಸ್ಕೃತಿಕ ಕ್ರಾಂತಿಗೂ ಮುಂಚಿನ ಲೆಕ್ಕ. ಆಮೇಲೆ ಲೋಹದ ಪ್ರತಿಮೆಗಳನ್ನ ಟನ್‌ಗಟ್ಟಲೆ ಕರಗಿಸಕ್ಕೆ ಸಾಗಿಸಿದ್ರು. ಲ್ಹಾಸಾದ ರಾಮೋಚೆ ಗುಡಿಯ ಬುದ್ಧ ಎರಡು ತುಂಡಾಗಿದ್ದ. ಕೆಳಗಿನ ತುಂಡು ಲ್ಹಾಸಾದಲ್ಲಿ ಸಿಕ್ತು. ಮೇಲಿನ ತುಂಡು 1980ರ ದಶಕದಲ್ಲಿ ಬೀಜಿಂಗ್‌ನಲ್ಲಿ ಸಿಕ್ತು. ಅದನ್ನ ಹುಡುಕಿ ತಂದವರು ರಿಬುರ್ ರಿಂಪೋಚೆ, ಸೆರಾ ಮೇ ಮಠದಲ್ಲಿ ಓದಿದವರು. ಆ ಸೆರಾ ಮಠವೇ ಇವತ್ತು ನಮ್ಮ ಬೈಲಕುಪ್ಪೆಯಲ್ಲಿ ಮತ್ತೆ ಕಟ್ಟಿಕೊಂಡು ನಿಂತಿರೋದು. ಹಾಗಾಗಿ ಆ ಹುಡುಗನ ಸಿಟ್ಟಿಗೆ ನಾನು ಎದುರುತ್ತರ ಕೊಡಲಿಲ್ಲ.

ಆದ್ರೆ ಅಜ್ಜಿ ಪುಸ್ತಕ ಬಿಡಲಿಲ್ಲ. ಒಂದೊಂದೇ ಹಾಳೆ ತಿರುವಿದ್ರು. ತುಂಬಾ ಹೊತ್ತಾದ ಮೇಲೆ ಹೇಳಿದ್ರು:

'ಎಲ್ಲಾ ಸುಳ್ಳಲ್ಲ ತಮ್ಮಾ. ನಮ್ಮೂರಲ್ಲಿ ಒಬ್ಬ ಕಮ್ಮಾರ ಇದ್ದ. ಹಬ್ಬದಲ್ಲಿ ಚಾಂಗ್ ಕುಡಿಯುವಾಗ ಒಂದೇ ಬಟ್ಟಲು ಕೈಯಿಂದ ಕೈಗೆ ಹೋಗ್ತಿತ್ತು. ಅವನ ಹತ್ರ ಬಂದಾಗ ನಿಲ್ತಿತ್ತು. ಅವನು ಮಾಡಿದ ಕುಡುಗೋಲು ನಮ್ಮನೆ ಒಳಗೆ ಬರ್ತಿತ್ತು. ಅವನು ಬರ್ತಿರಲಿಲ್ಲ.'

ಮೊಮ್ಮಗ ಅಜ್ಜಿಯನ್ನೇ ನೋಡ್ತಾ ಕೂತ. ಅವನಿಗೂ ಇದು ಹೊಸದು.

ಕಮ್ಮಾರರಿಗೆ 'ಗಾರ' ಅಂತಿದ್ರು. ಹೆಣ ಸಾಗಿಸುವವರಿಗೆ 'ರಾಗ್ಯಪ'. ಕಟುಕರು, ಕಮ್ಮಾರರು, ಹೆಣದ ಕೆಲಸದವರು ಹಳೇ ಟಿಬೆಟ್‌ನಲ್ಲಿ ಕೀಳು ಅನ್ನಿಸಿಕೊಂಡವರು. ಬುದ್ಧನ ನಾಡಲ್ಲಿ! ನನಗೆ ನಮ್ಮ ತಾಲ್ಲೂಕಿನ ಹೋಟೆಲಿನ ತೆಂಗಿನ ಚಿಪ್ಪು ನೆನಪಾಯ್ತು. ನಮ್ಮ ದೊಡ್ಡಪ್ಪನ ತಮಟೆ ನೆನಪಾಯ್ತು. ತಮಟೆ ಸದ್ದು ಗುಡಿ ಒಳಗೆ ಹೋಗುತ್ತೆ, ಬಡಿಯೋನು ಹೊರಗೆ ನಿಲ್ತಾನೆ.

'ಆಮೇಲೆ ಅವನೇನಾದ ಅಜ್ಜಿ?' ಕೇಳಿದೆ.

'ಎಂಬತ್ತರ ನಂತರ ನಮ್ಮಣ್ಣ ಕಾಗದ ಬರೆದಿದ್ದ. ಚೀನಾದವರು ಅವನಿಗೆ ಹೊಲ ಕೊಟ್ಟರಂತೆ. ಸಭೇಲಿ ಮುಂದೆ ಕೂರಿಸಿದ್ರಂತೆ. ಆಮೇಲೆ ಕಮ್ಯೂನ್ ಅಂತ ಮಾಡಿ ಹೊಲ ವಾಪಸ್ ತಗೊಂಡ್ರಂತೆ. ಮಠದ ತಾಮ್ರದ ಮೂರ್ತಿಗಳನ್ನ ಒಡೆಯಕ್ಕೆ ಸುತ್ತಿಗೆ ಹಿಡಿದೋನು ನೀನೇ ಅಲ್ವಾ ಅಂತ ಅವನನ್ನೇ ನಿಲ್ಲಿಸಿದ್ರಂತೆ. ಒಲ್ಲೆ ಅನ್ನಕ್ಕಾಗುತ್ತಾ?'

ನನ್ನ ಚಹಾ ತಣ್ಣಗಾಗಿ ಮೇಲೆ ಬೆಣ್ಣೆ ಕಟ್ಟಿತ್ತು.

ಸಂಗಾತಿಗಳೇ, ನಮ್ಮಲ್ಲಿ ಕೆಲವರು ಕೇಳ್ತಾರೆ, ಲಾಮಾಗಳ ಊಳಿಗಮಾನ್ಯವನ್ನ ಚೀನಾ ಮುರಿಯಿತಲ್ಲ, ದಲಿತನಾಗಿ ನೀನು ಖುಷಿಪಡಬೇಕಲ್ವಾ ಅಂತ. ಇನ್ನು ಕೆಲವರು, ಬುದ್ಧನ ನಾಡು ಅದು, ಅಲ್ಲಿ ಎಲ್ಲಾ ಸಮಾನರು ಅಂತಾರೆ. ಇಬ್ಬರಿಗೂ ನನ್ನ ಉತ್ತರ ಆ ಕಮ್ಮಾರ. ಮೊದಲನೆಯವರ ಹತ್ರ ಅವನ ಹೊಲದ ಲೆಕ್ಕ ಇಲ್ಲ, ಎರಡನೆಯವರ ಹತ್ರ ಅವನ ಬಟ್ಟಲಿನ ಲೆಕ್ಕ ಇಲ್ಲ.

'ಸರ್ಫ್' ಅನ್ನೋ ಪದ ಹಳೇ ಟಿಬೆಟ್‌ನ 'ಮಿಸೆರ್'ಗಳಿಗೆ ಸರಿಯೋ ತಪ್ಪೋ ಅಂತ ವಿದ್ವಾಂಸರು ಇವತ್ತಿಗೂ ಜಗಳ ಆಡ್ತಾರೆ. ಮೆಲ್ವಿನ್ ಗೋಲ್ಡ್‌ಸ್ಟೈನ್ ಸರಿ ಅಂತಾರೆ, ಬೇರೆಯವರು ಅಷ್ಟು ಸರಳ ಅಲ್ಲ ಅಂತಾರೆ. ನನಗೆ ಪದದ ಜಗಳಕ್ಕಿಂತ ಮುಖ್ಯ ಅನ್ನಿಸಿದ್ದು ಬೇರೆ. ಆ ಅನ್ಯಾಯವನ್ನ ಒಳಗಿನಿಂದಲೇ ಹೇಳಬಲ್ಲವರು ಇದ್ದರು. ಅವರು ಎಲ್ಲಿದ್ರು ಆಗ?

ತಾಶಿ ತ್ಸೆರಿಂಗ್. 1929ರಲ್ಲಿ ಹುಟ್ಟಿದ ರೈತನ ಮಗ. ಹತ್ತನೇ ವಯಸ್ಸಲ್ಲಿ ಹಳ್ಳಿಯ ತೆರಿಗೆಯ ಬದಲಾಗಿ ಅವನನ್ನ ದಲೈ ಲಾಮಾರ ನೃತ್ಯ ತಂಡಕ್ಕೆ ಕೊಟ್ಟರು. ಹಳೇ ವ್ಯವಸ್ಥೆ ಅವನಿಗೆ ಮೈಮೇಲಿನ ಬಾಸುಂಡೆ. ಅಮೆರಿಕದಲ್ಲಿ ಓದಿದ. ನನ್ನ ಜನಕ್ಕೆ ಕೆಲಸ ಮಾಡ್ತೀನಿ ಅಂತ 1964ರಲ್ಲಿ ತಾನಾಗೇ ಚೀನಾಕ್ಕೆ ವಾಪಸ್ ಹೋದ. 1967ರಲ್ಲಿ ಗೂಢಚಾರ ಅಂತ ಹಿಡಿದು ವರ್ಷಗಟ್ಟಲೆ ಜೈಲಿಗೆ ಹಾಕಿದ್ರು. ಹೊರಗೆ ಬಂದ ಮೇಲೆ, ಎಷ್ಟೋ ವರ್ಷ ಕಳೆದು, ತನ್ನ ಸೀಮೆಯ ಹಳ್ಳಿಗಳಲ್ಲಿ ಹತ್ತಾರು ಶಾಲೆ ಕಟ್ಟಿಸಿದ.

ಫುಂತ್ಸೋಕ್ ವಾಂಗ್ಯಾಲ್. ಟಿಬೆಟ್‌ನ ಕಮ್ಯುನಿಸ್ಟ್ ಪಕ್ಷ ಕಟ್ಟಿದ ಮನುಷ್ಯ. ಮಾವೋ ಮತ್ತು ದಲೈ ಲಾಮಾರ ನಡುವೆ ದುಭಾಷಿಯಾಗಿದ್ದವನು. 1960ರಿಂದ 1978, ಹದಿನೆಂಟು ವರ್ಷ ಬೀಜಿಂಗ್ ಹತ್ತಿರದ ಜೈಲಿನಲ್ಲಿ ಒಂಟಿ ಸೆರೆ.

ಪಂಚೆನ್ ಲಾಮಾ. ಮನವಿ ಬರೆದ ತಪ್ಪಿಗೆ 1964ರಲ್ಲಿ ಬಹಿರಂಗ ಛೀಮಾರಿ, ಆಮೇಲೆ ಸೆರೆ. ಬಿಡುಗಡೆ 1977ರಲ್ಲಿ.

ಅಂದ್ರೆ 1976ರಲ್ಲಿ ಈ ಪುಸ್ತಕ ಅಚ್ಚಾಗುವಾಗ, ಒಬ್ಬ ಧರ್ಮಗುರು ಸೆರೆಯಲ್ಲಿ, ಒಬ್ಬ ಕಮ್ಯುನಿಸ್ಟ್ ಸೆರೆಯಲ್ಲಿ, ಒಬ್ಬ ರೈತನ ಮಗ ಸೆರೆಮನೆ ಕಂಡುಬಂದು ಬಾಯಿ ಕಟ್ಟಿಕೊಂಡು ಕೂತಿದ್ದ. ಮಣ್ಣಿನ ಜೀತದಾಳುಗಳು ಮುಷ್ಟಿ ಎತ್ತಿ ಕೂಗ್ತಿದ್ದವು, ಮಾತಾಡಬಲ್ಲ ಮನುಷ್ಯರಿಗೆ ಬೀಗ ಬಿದ್ದಿತ್ತು. ಸರ್ವಾಧಿಕಾರಕ್ಕೆ ನೊಂದವನ ಬೊಂಬೆ ಬೇಕು, ನೊಂದವನು ಬೇಡ. ಬೊಂಬೆ ಎದುರು ಮಾತಾಡಲ್ಲ, ನಾಳೆ ಹೊಸ ಪ್ರಶ್ನೆ ಕೇಳಲ್ಲ.

ಚೀನಾವನ್ನ ಬೈದು ಕೈ ತೊಳ್ಕೊಳ್ಳೋದು ಸುಲಭ. ಅದೇ ಇಸವಿಯಲ್ಲಿ ನಮ್ಮಲ್ಲಿ ಏನಾಗ್ತಿತ್ತು?

1975ರ ಜೂನ್ 25ರಂದು ತುರ್ತು ಪರಿಸ್ಥಿತಿ. ಪತ್ರಿಕೆಗಳಿಗೆ ಕತ್ತರಿ, ವಿರೋಧಿಗಳಿಗೆ ಜೈಲು. ಬೆಂಗಳೂರಿನ ಜೈಲಿನಲ್ಲಿದ್ದ ಸ್ನೇಹಲತಾ ರೆಡ್ಡಿ ಕಾಯಿಲೆ ಬಿದ್ದು, ಹೊರಗೆ ಬಿಟ್ಟ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಆ ತುರ್ತು ಪರಿಸ್ಥಿತಿಯೊಳಗೇ, 1975ರ ಅಕ್ಟೋಬರ್‌ನಲ್ಲಿ, ಜೀತ ಪದ್ಧತಿ ರದ್ದು ಮಾಡುವ ಸುಗ್ರೀವಾಜ್ಞೆ ಬಂತು. 1976ರಲ್ಲಿ ಕಾಯ್ದೆಯಾಯ್ತು. ಹೌದು, ಲ್ಹಾಸಾದ ಪುಸ್ತಕ ಬಂದ ಅದೇ ವರ್ಷ. ನಮ್ಮ ತಾತನ ಮುನ್ನೂರು ರೂಪಾಯಿ ಸಾಲ ಅವತ್ತೇ ಕಾನೂನಿನಲ್ಲಿ ಸತ್ತುಹೋಗಿತ್ತು. ತಾತನಿಗೆ ಯಾರೂ ಹೇಳಲಿಲ್ಲ. ಸಂಪಾದಕರ ಬಾಯಿ ಕಟ್ಟಿದ ಕಾಲದಲ್ಲಿ ಜೀತದಾಳಿನ ಕಿವಿಗೆ ಸುದ್ದಿ ಹೇಗೆ ಮುಟ್ಟುತ್ತೆ? ಎಷ್ಟೋ ವರ್ಷ ಆದ ಮೇಲೆ ದಸಂಸದ ಹುಡುಗರು ನೀಲಿ ಬಾವುಟ ಹಿಡ್ಕೊಂಡು ಕೇರಿಗೆ ಬಂದು, 'ಅಜ್ಜಾ, ನೀನು ಯಾರಿಗೂ ಸಾಲಗಾರ ಅಲ್ಲ' ಅಂದ ದಿನ ತಾತ ನಂಬಲಿಲ್ಲವಂತೆ. ಮೂರು ದಿನ ಹಾಗೇ ಕೆಲಸಕ್ಕೆ ಹೋದನಂತೆ. ನಾಲ್ಕನೇ ದಿನ ಬೆಳಗ್ಗೆ ಮನೆ ಜಗುಲಿ ಮೇಲೆ ಕೂತೇ ಇದ್ದನಂತೆ, ಬಿಸಿಲು ಬರೋವರೆಗೆ. ಅವ್ವ ಈಗಲೂ ಹೇಳ್ತಾಳೆ, 'ನಿಮ್ ತಾತ ಕೂತಿದ್ದನ್ನ ನಾನು ಅವತ್ತೇ ಮೊದ್ಲು ನೋಡಿದ್ದು ಕಣಪ್ಪ.'

ಹಾಗಂತ ಆ ಕಾಯ್ದೆ ಬೇಡ ಅಂತೀನಾ? ಇಲ್ಲ. ಇವತ್ತಿಗೂ ನಮ್ಮ ಸಂಘಟನೆಯವರು ಜೀತ ಬಿಡಿಸಕ್ಕೆ ಹೋಗುವಾಗ ಕೈಯಲ್ಲಿರೋದು ಅದೇ 1976ರ ಕಾಯ್ದೆ. ಇಲ್ಲೇ ಹುಣಸೂರಿನ ಕಲ್ಲಹಳ್ಳಿಯ ದೇವರಾಜ ಅರಸರು 1974ರಲ್ಲಿ ತಂದ ಭೂಸುಧಾರಣೆಯೂ ಹಾಗೇ. ಗೇಣಿದಾರರಿಗೆ ಭೂಮಿ ಸಿಕ್ತು, ಅದು ದೊಡ್ಡ ಕೆಲಸ. ಆದ್ರೆ ಗೇಣಿ ಚೀಟಿಯೂ ಇಲ್ಲದ ಕೂಲಿಯವರು, ಜೀತದವರು, ಅಂದ್ರೆ ನಾವು, ಬಹುಪಾಲು ಹೊರಗೇ ಉಳಿದೆವು. ಎರಡನ್ನೂ ಹೇಳಬೇಕು. ಕೊಟ್ಟದ್ದನ್ನ ಹಕ್ಕು ಅಂತ ತಗೋಬೇಕು. ಕೊಟ್ಟವರ ಕೈಗೆ ನಮ್ಮ ನಾಲಿಗೆ ಕೊಡಬಾರದು.

ಕ್ಯಾಂಪಿನವರ ಬಗ್ಗೆಯೂ ಇದೇ ನ್ಯಾಯ. ದೇಶ ಬಿಟ್ಟು ಬಂದ ಮರುವರ್ಷವೇ, 1960ರಲ್ಲಿ, ಅವರು ಪ್ರತಿನಿಧಿಗಳನ್ನ ಚುನಾಯಿಸಿದರು. 1963ರಲ್ಲಿ ದಲೈ ಲಾಮಾ ಪ್ರಕಟಿಸಿದ ಸಂವಿಧಾನದ ಕರಡು ಎಲ್ಲರೂ ಕಾನೂನಿನ ಮುಂದೆ ಸಮಾನರು ಅಂತು. ಇದು ಯಾರೋ ಚಾಟಿ ಹಿಡಿದು ಮಾಡಿಸಿದ್ದಲ್ಲ. ಕಮ್ಮಾರನ ಬಟ್ಟಲಿನ ಮಾತನ್ನ ಆ ಅಜ್ಜಿ ತನ್ನ ಮೊಮ್ಮಗನ ಎದುರಿಗೇ ಹೇಳಿದ್ರಲ್ಲ, ಅದನ್ನೂ ಯಾರೂ ಹೇಳಿಸಲಿಲ್ಲ. ಲ್ಹಾಸಾದ 106 ಬೊಂಬೆಗಳಿಗಿಂತ ಆ ಒಂದು ಮಾತು ನನಗೆ ದೊಡ್ಡದು. ಎದ್ದು ಬರುವಾಗ ಅವರು ಕೇಳಿದ್ರು, 'ಈ ಬೊಂಬೆ ಮಾಡಿದವರ ಹೆಸರೇನು ತಮ್ಮಾ?' ಗೊತ್ತಿಲ್ಲ ಅಜ್ಜಿ, ಪುಸ್ತಕದಲ್ಲಿ ಬರೆದಿಲ್ಲ ಅಂದೆ. 'ಕೈ ಚೆನ್ನಾಗಿದೆ. ಪಾಪ, ಯಾರೋ ಹೇಳಿದ್ದನ್ನ ಮಾಡಿದ್ದಾರೆ' ಅಂದ್ರು.

ಸರ್ವಾಧಿಕಾರದ ಕೆಳಗೆ ಕೆಲಸ ಮಾಡಿದ ಶಿಲ್ಪಿಯ ಬಗ್ಗೆ ಮೂರು ವಾರ ಓದಿ ನಾನು ಕಟ್ಟಿಕೊಂಡ ತೀರ್ಪಿಗಿಂತ ಆ ಮಾತು ಚೆನ್ನಾಗಿದೆ. ಕೈ ಅವರದ್ದು, ಮಾತು ಇನ್ನೊಬ್ಬರದ್ದು. ಬೆನ್ನು ಹೇಗೆ ಬಾಗುತ್ತೆ ಅಂತ ಕಂಡ ಕಣ್ಣು ನಿಜ. ಆ ಕಣ್ಣಿಗೆ ಇನ್ನೊಂದು ಕಡೆ ನೋಡಬೇಡ ಅಂದವರೂ ನಿಜ.

ಮೊನ್ನೆ ಮತ್ತೆ ಕೂಟ ಸೇರಿತು. ನಾನು ಶಿಲ್ಪಿಯ ವಿಷಯ ಹೇಳೋ ಬದಲು ಈ ಕಥೆಯನ್ನೇ ಹೇಳಿದೆ. ಸಿಚುವಾನ್, ಲ್ಹಾಸಾ ಅಂದಾಗ ಕೆಲವರು ಆಕಳಿಸಿದ್ರು. ಕಮ್ಮಾರನ ಬಟ್ಟಲಿನ ಹತ್ರ ಬಂದಾಗ ಎಲ್ಲರೂ ಸುಮ್ಮನಾದ್ರು. ಸೋಮನಾಥಪುರದ ಗುಡಿಗೆ ಹೋಗಿ ನೋಡಿ ಅಂದೆ. ಅಲ್ಲಿ ಮಲ್ಲಿತಮ್ಮ ಅನ್ನೋ ಶಿಲ್ಪಿ ತಾನು ಮಾಡಿದ ಮೂರ್ತಿಗಳ ಕೆಳಗೆ ಹೆಸರು ಕೆತ್ತಿದ್ದಾನೆ, ಏಳುನೂರು ವರ್ಷ ದಾಟಿದರೂ ಓದಬಹುದು. ಆ ಕಲ್ಲನ್ನ ಗಾಡಿಗೆ ಏರಿಸಿದವನ ಹೆಸರು ಮಾತ್ರ ಎಲ್ಲೂ ಇಲ್ಲ. ನಮ್ಮ ಪೀಠದ ಕಲ್ಲಲ್ಲೂ ಹಾಗಾಗೋದು ಬೇಡ.

ಒಬ್ಬ ಹುಡುಗ ಎದ್ದು, 'ಅಣ್ಣಾ, ಹೆಸರೊಂದು ಹಾಕಿದ್ರೆ ಏನಾಯ್ತು? ಪ್ರತಿಮೆ ನಮ್ಗೇ ತಾನೇ ಇರೋದು?' ಅಂದ. ನ್ಯಾಯವಾದ ಪ್ರಶ್ನೆ. ನಾನು ಬಾಯಿ ತೆಗೆಯೋ ಮುಂಚೆ ಹಿಂದೆ ಹೆಂಗಸರ ಸಾಲಲ್ಲಿ ಕೂತಿದ್ದ ಅವ್ವ ಎದ್ದು ನಿಂತ್ಲು. ಕೂಟದಲ್ಲಿ ಯಾವತ್ತೂ ಮಾತಾಡಿದವಳಲ್ಲ.

'ಬ್ಯಾರೇರ ದುಡ್ಡಲ್ಲಿ ನಿಂತ ಅಂಬೇಡ್ಕರಪ್ಪ ನಾಳೆ ನಮ್ ಪರ ಬೆರಳು ತೋರ್ಸಕ್ಕಾಗಲ್ಲ ಬುಡ್ರಪ್ಪ. ನಮ್ಮಾವ ಮುನ್ನೂರು ರೂಪಾಯಿಗೆ ಇಪ್ಪತ್ತೊರ್ಸ ಬಗ್ಗಿದ್ದ. ಸಾಲದ ಪ್ರತಿಮೆ ಬ್ಯಾಡ.'

ಅಷ್ಟೇ. ಯಜಮಾನರು ಒಂದು ನಿಮಿಷ ತಲೆ ಕೆರೆದುಕೊಂಡು, 'ಹಂಗಾದ್ರೆ ದುಡ್ಡು ಎಷ್ಟಿದೆಯೋ ಅಷ್ಟಕ್ಕೇ ಮಾಡ್ಸಣ' ಅಂದ್ರು.

ಇರೋ ದುಡ್ಡಿಗೆ ಆಳೆತ್ತರದ ಪ್ರತಿಮೆ ಆಗಲ್ಲ. ಎದೆಮಟ್ಟದ್ದು ಆಗುತ್ತೆ. ಅಂದ್ರೆ ಎತ್ತಿದ ಕೈ, ತೋರುವ ಬೆರಳು ಇರಲ್ಲ. ಅದು ಎಲ್ಲರಿಗೂ ನೋವೇ. ಆದ್ರೆ ಪೀಠದ ಕಲ್ಲು ನಮ್ಮದು. ಅದರಲ್ಲಿ ಯಾವ ಸಾಹೇಬರ ಹೆಸರೂ ಇರಲ್ಲ. ದುಡ್ಡು ಹಾಕಿದ ಅಷ್ಟೂ ಮನೆಗಳ ಹೆಸರು ಇರುತ್ತೆ. ಮಾಡಿದ ಶಿಲ್ಪಿಯ ಹೆಸರು, ಅವನ ಕೈಕೆಳಗೆ ಕೆಲಸ ಮಾಡಿದ ಹುಡುಗರ ಹೆಸರು, ಪೀಠ ಕಟ್ಟುವ ಗಾರೆಯವನ ಹೆಸರು, ಮರಳು ಹೊರುವ ಹೆಂಗಸರ ಹೆಸರು ಇರುತ್ತೆ. ಕಲ್ಲು ಚಿಕ್ಕದು, ಅಕ್ಷರ ಸಣ್ಣದಾಗುತ್ತೆ ಅಂತ ಕೆತ್ತೋರು ಗೊಣಗಿದ್ದಾರೆ. ಆಗಲಿ. ಬಗ್ಗಿ ಓದ್ಕೊಳ್ಳಲಿ.

ಪಟ್ಟಿಯ ಮೊದಲ ಹೆಸರು ತಾತನದ್ದಿರಲಿ ಅಂತ ಯಜಮಾನರು ಅಂದ್ರು. ಅವ್ವ ಬೇಡ ಅಂದ್ಲು. 'ಎಲ್ಲಾರ ಜೊತೆ ಅಕ್ಷರಮಾಲೆ ಪ್ರಕಾರ ಬರ್ಲಿ' ಅಂದ್ಲು.

ಹಾಗೇ ಬರುತ್ತೆ.

ಜೈಭೀಮ್.